ಶುಗರ್ ರೋಗಿಯ ಸ್ವ-ಆರೈಕೆಗೆ ಯಾವ ನರ್ಸಿಂಗ್ ಸಿದ್ಧಾಂತ? ಮಲೆನಾಡಿನ ಮನೆಗಳನ್ನು ಎದುರಿಟ್ಟುಕೊಂಡು ಒಂದು ಹೋಲಿಕೆ

ಸಕ್ಕರೆ ಕಾಯಿಲೆಯವರ ಕೇಸ್ ಶೀಟುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಾಲಿದೆ: ‘ಆರೋಗ್ಯ ಶಿಕ್ಷಣ ನೀಡಲಾಯಿತು’. ಏನು ಹೇಳಿಕೊಟ್ಟದ್ದು, ರೋಗಿ ಅದರಲ್ಲಿ ಯಾವುದನ್ನು ಮಾಡಿ ತೋರಿಸಿದರು, ಯಾವುದು ಅವರ ಕೈಯಲ್ಲಿ ಆಗಲಿಲ್ಲ ಎಂಬ ವಿವರ ಮಾತ್ರ ಇರುವುದಿಲ್ಲ. ಮೂರು ತಿಂಗಳು ಬಿಟ್ಟು ಬಂದಾಗ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟ ಹೇಳುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಇದ್ದಲ್ಲೇ ಇರುತ್ತದೆ, ಅದೇ ಸಾಲನ್ನು ಇನ್ನೊಮ್ಮೆ ಬರೆಯುತ್ತೇವೆ. ನರ್ಸಿಂಗ್ ಸಿದ್ಧಾಂತಗಳನ್ನು ಪರೀಕ್ಷೆಗೆ ಓದಿ ಅಲ್ಲಿಗೇ ಬಿಡುವುದರಿಂದ ಆಗುವ ನಷ್ಟ ಇದು. ಸರಿಯಾದ ಸಿದ್ಧಾಂತ ಹಿಡಿದರೆ, ಎದುರಿಗೆ ಕೂತಿರುವ ಈ ಒಬ್ಬರಿಗೆ ಮೊದಲು ಯಾವ ಪ್ರಶ್ನೆ ಕೇಳಬೇಕು ಎಂಬುದು ಗೊತ್ತಾಗುತ್ತದೆ.

ತಾಲ್ಲೂಕು ಆಸ್ಪತ್ರೆ, ಪಿಎಚ್‌ಸಿ, ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ದುಡಿಯುವ ಶುಶ್ರೂಷಾಧಿಕಾರಿಗಳಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ, ಕೇರ್ ಪ್ಲಾನ್ (ಆರೈಕೆಯ ಯೋಜನೆ) ಬರೆಯುವ ವಿದ್ಯಾರ್ಥಿಗಳಿಗೆ ಈ ಬರಹ. ಆರು ಸಿದ್ಧಾಂತಗಳನ್ನು ಇಲ್ಲಿ ನೋಡುತ್ತೇವೆ, ಒಂದೊಂದನ್ನೂ ಅದನ್ನು ರೂಪಿಸಿದವರ ಹೆಸರಿನಿಂದಲೇ ಕರೆಯುತ್ತೇವೆ. ಆಯ್ಕೆಯ ದಾರಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಆರೈಕೆಯ ಸರಪಳಿ ಎಲ್ಲಿ ಕಡಿದಿದೆ ನೋಡಿ. ರೋಗಿಯ ಕೈಲಾಗುತ್ತಿಲ್ಲವೇ? ಓರೆಮ್. ದಿನನಿತ್ಯದ್ದು ಸರಿ ಇದೆ, ಏರುಪೇರಾದಾಗ ಏನು ಮಾಡಬೇಕೆಂದು ತಿಳಿಯುತ್ತಿಲ್ಲವೇ? ರೀಗಲ್. ಮನೆಯ ಊಟ, ವ್ರತ, ನಾಟಿ ಔಷಧಿಯ ಜೊತೆ ತಿಕ್ಕಾಟವೇ? ಲೈನಿಂಗರ್. ಎಲ್ಲ ಗೊತ್ತಿದ್ದೂ ಮಾಡುತ್ತಿಲ್ಲವೇ? ಪೆಂಡರ್. ಹೇಳಿದ್ದಕ್ಕೆಲ್ಲ ‘ಆಯ್ತು, ಆಯ್ತು’ ಎಂದು ತಲೆಯಾಡಿಸಿ ಹೋಗುತ್ತಾರೆಯೇ? ಕಿಂಗ್. ಬದುಕೇ ಮಗುಚಿ ಬಿದ್ದಿದೆಯೇ? ರಾಯ್.

ಎದುರಿಗೊಬ್ಬರು ರೋಗಿ

ಹೋಲಿಕೆ ಗಾಳಿಯಲ್ಲಿ ನಿಲ್ಲಬಾರದೆಂದು ಒಂದು ಕೇಸ್ ಕಲ್ಪಿಸಿಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು, ಅಡಿಕೆ ತೋಟದ ಮನೆ, 66 ವರ್ಷದ ಅಜ್ಜಿ. ಶುಗರ್ ಬಂದು ಹನ್ನೆರಡು ವರ್ಷ. ಮೆಟ್‌ಫಾರ್ಮಿನ್ ಮಾತ್ರೆ, ಜೊತೆಗೆ 30/70 (ಬೇಗ ಕೆಲಸ ಮಾಡುವುದು 30, ನಿಧಾನದ್ದು 70 ಪಾಲು ಬೆರೆತ) ಇನ್ಸುಲಿನ್ ಬೆಳಿಗ್ಗೆ 18 ಯೂನಿಟ್, ರಾತ್ರಿ 10 ಯೂನಿಟ್. ಎಚ್‌ಬಿಎ1ಸಿ 9.4. ಒಂದು ಕಣ್ಣಿಗೆ ಪೊರೆ. ಅಂಗಾಲು ಸದಾ ಜೋಮು ಹಿಡಿದ ಹಾಗೆ ಎನ್ನುತ್ತಾರೆ. ಮಗ ತೋಟ ನೋಡಿಕೊಳ್ಳುತ್ತಾರೆ, ಮನೆ ಸೊಸೆಯದು. ಪೇಟೆಗೆ ಬಸ್ಸು ದಿನಕ್ಕೆರಡು. ‘ನಂಗೆಲ್ಲ ಗೊತ್ತು ಸಿಸ್ಟ್ರೇ, ಸರಿಯಾಗೇ ತಗೋತಿದೀನಿ’ ಎಂಬುದು ಅವರ ಮಾತು. ಸುಳ್ಳು ಹೇಳುತ್ತಿಲ್ಲ, ಅವರ ಮಟ್ಟಿಗೆ ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದಾರೆ.

ಓರೆಮ್: ಕೈಲಾಗುವುದೆಷ್ಟು, ಆಗಬೇಕಾದದ್ದೆಷ್ಟು

ಅಮೆರಿಕದ ಡೊರೊಥಿಯಾ ಓರೆಮ್ 1971ರಲ್ಲಿ ಪುಸ್ತಕವಾಗಿ ಕೊಟ್ಟ ಸ್ವ-ಆರೈಕೆ ಕೊರತೆಯ ಸಿದ್ಧಾಂತ ಶುಗರ್‌ಗೆ ಹೇಳಿ ಮಾಡಿಸಿದಂತಿದೆ. ಈ ಕಾಯಿಲೆಯಲ್ಲಿ ಚಿಕಿತ್ಸೆಯ ಬಹುಪಾಲು ನಡೆಯುವುದು ರೋಗಿಯ ಕೈಯಲ್ಲಿ, ರೋಗಿಯ ಮನೆಯಲ್ಲಿ. ಓರೆಮ್ ಲೆಕ್ಕ ಸರಳ. ಒಂದು ಕಡೆ ಆರೈಕೆಯ ಬೇಡಿಕೆ, ಅಂದರೆ ಈ ವ್ಯಕ್ತಿ ಪ್ರತಿದಿನ ಮಾಡಲೇಬೇಕಾದ ಕೆಲಸಗಳು. ಇನ್ನೊಂದು ಕಡೆ ಅವರ ಸಾಮರ್ಥ್ಯ. ಬೇಡಿಕೆ ಹೆಚ್ಚಿ ಸಾಮರ್ಥ್ಯ ಕಡಿಮೆಯಾದರೆ ನಡುವಿನ ಅಂತರವೇ ಕೊರತೆ. ಆ ಕೊರತೆಯನ್ನು ತುಂಬುವುದು ನರ್ಸಿಂಗ್. ತುಂಬುವ ಬಗೆ (ಓರೆಮ್ ಮಾತಿನಲ್ಲಿ ‘ವ್ಯವಸ್ಥೆ’) ಮೂರು: ಪೂರ್ತಿ ನಾವೇ ಮಾಡಿಕೊಡುವುದು, ಅರ್ಧ ನಾವು ಅರ್ಧ ಅವರು, ಹೇಳಿಕೊಟ್ಟು ಬೆನ್ನಿಗೆ ನಿಲ್ಲುವುದು.

ಬೇಡಿಕೆಯನ್ನು ‘ಔಷಧೋಪಚಾರ, ಆಹಾರ, ವ್ಯಾಯಾಮ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಕೆಲಸವನ್ನು ತುಂಡು ತುಂಡಾಗಿ ಬರೆಯಬೇಕು. ಇನ್ಸುಲಿನ್ ಒಂದನ್ನೇ ತೆಗೆದುಕೊಳ್ಳಿ: ಊಟಕ್ಕೆ ಅರ್ಧ ಗಂಟೆ ಮೊದಲು ಕೈ ತೊಳೆಯುವುದು; ಬಿಳಿಯಾಗಿ ಕದಡಿರುವ 30/70 ವಯಲನ್ನು (ಔಷಧಿಯ ಪುಟ್ಟ ಬಾಟಲಿ) ಅಂಗೈ ನಡುವೆ ಹತ್ತು ಸಲ ಹೊರಳಿಸಿ, ಹತ್ತು ಸಲ ಮೇಲೆ ಕೆಳಗೆ ತಿರುಗಿಸುವುದು; ಎಷ್ಟು ಯೂನಿಟ್ ಬೇಕೋ ಅಷ್ಟು ಗಾಳಿಯನ್ನು ಮೊದಲು ವಯಲಿಗೆ ತುಂಬಿ ಆಮೇಲೆ ಔಷಧಿ ಎಳೆಯುವುದು; ಗುಳ್ಳೆ ತೆಗೆಯುವುದು; ಹೊಕ್ಕುಳಿಂದ ಎರಡು ಬೆರಳು ದೂರ ಬಿಟ್ಟು, ನಿನ್ನೆಯ ಜಾಗದಿಂದ ಬೆರಳಗಲ ಸರಿದು ಚುಚ್ಚುವುದು; ಹತ್ತು ಎಣಿಸುವ ತನಕ ಸೂಜಿ ತೆಗೆಯದಿರುವುದು. ಈ ಪ್ರತಿ ತುಂಡಿನ ಎದುರು ಅಜ್ಜಿಗೆ ಆಗುತ್ತದೆಯೇ ಇಲ್ಲವೇ ಎಂದು ಬರೆಯಬೇಕು. ಕೇಳಿ ಬರೆಯುವುದಲ್ಲ, ಮಾಡಿಸಿ ನೋಡಿ ಬರೆಯುವುದು.

ಅಜ್ಜಿಯ ಕೈಗೆ ಅವರದೇ ವಯಲು, ಅವರದೇ ಸಿರಿಂಜು ಕೊಟ್ಟು ‘ಬೆಳಿಗ್ಗೆ ತಗೊಳ್ಳೋ ಹಾಗೇ ಎಳೆದು ತೋರ್ಸಿ ಅಜ್ಜಿ’ ಎನ್ನಿ. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, 18ರ ಗೆರೆಗೆ ತಂದು ನಿಲ್ಲಿಸುತ್ತಾರೆ. ಗೆರೆ ಸರಿ. ಸಿರಿಂಜಿನ ಮುಚ್ಚಳ ಮಾತ್ರ ಕಿತ್ತಳೆ ಬಣ್ಣದ್ದು. ವಯಲಿನ ಮೇಲೆ 40 ಐಯು, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್, ಎಂದಿದೆ. ಕೆಂಪು ಮುಚ್ಚಳದ ಸಿರಿಂಜು 40ರ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು 100ರ ಇನ್ಸುಲಿನ್ನಿಗೆ. ಕಿತ್ತಳೆ ಸಿರಿಂಜಿನಲ್ಲಿ 18ರ ಗೆರೆ ಎಂದರೆ 0.18 ಎಂಎಲ್, 40ರ ವಯಲಿನಿಂದ ಅಷ್ಟು ಎಳೆದರೆ ಒಳಗೆ ಹೋಗುವುದು 7 ಯೂನಿಟ್ ಚಿಲ್ಲರೆ. ಅಂಗಡಿಯಲ್ಲಿ ಸಿರಿಂಜು ಬದಲಾದ ದಿನದಿಂದ ಅಜ್ಜಿಗೆ ಅರ್ಧಕ್ಕಿಂತ ಕಡಿಮೆ ಔಷಧಿ ಸೇರಿದೆ. ಇದಕ್ಕೆ ತಿರುಗಾಮುರುಗಾ ಆದರೆ ಪ್ರಾಣಕ್ಕೇ ಕುತ್ತು: 100ರ ವಯಲಿನಿಂದ ಕೆಂಪು ಸಿರಿಂಜಿನಲ್ಲಿ 18ಕ್ಕೆ ಎಳೆದರೆ 45 ಯೂನಿಟ್ ಹೋಗುತ್ತದೆ.

ಇದನ್ನು ಮನೆಗೆ ಹೋಗದೆ ಪತ್ತೆ ಹಚ್ಚುವ ದಾರಿಯೂ ಇದೆ. 10 ಎಂಎಲ್‌ನ 40 ಐಯು ವಯಲಿನಲ್ಲಿ 400 ಯೂನಿಟ್ ಇರುತ್ತದೆ. ದಿನಕ್ಕೆ 28 ಯೂನಿಟ್ ಹಾಕಿಕೊಂಡರೆ 14 ದಿನಕ್ಕೆ ಖಾಲಿ. ‘ಒಂದು ಬಾಟ್ಲಿ ತಿಂಗಳ ಮೇಲೂ ಬರುತ್ತೆ’ ಎಂದು ಅಜ್ಜಿ ಹೇಳಿದರೆ ಸಿರಿಂಜು ಬದಲಾಗಿದೆ, ಇಲ್ಲವೇ ಹೊತ್ತು ತಪ್ಪುತ್ತಿದೆ. ಇಲ್ಲಿ ಒಂದು ಎಚ್ಚರ ಬೇಕು. ಸಿರಿಂಜು ಸರಿಪಡಿಸಿದ ದಿನ ದೇಹಕ್ಕೆ ಸಿಗುವ ಔಷಧಿ ಒಮ್ಮೆಗೇ ಎರಡೂವರೆ ಪಟ್ಟಾಗುತ್ತದೆ. ಕಡಿಮೆ ಪ್ರಮಾಣ ಹೋಗುತ್ತಿದ್ದಾಗ ವೈದ್ಯರು ಡೋಸ್ ಏರಿಸುತ್ತ ಬಂದಿರಲೂಬಹುದು. ಆದ್ದರಿಂದ ಅವರಿಗೆ ತಿಳಿಸದೆ ಸಿರಿಂಜು ಬದಲಿಸಿ ಕಳಿಸಬಾರದು.

ಓರೆಮ್ ಬಳಸುವವರು ಹೆಚ್ಚಾಗಿ ತಪ್ಪುವುದು ಇನ್ನೊಂದು ಕಡೆ. ರೋಗಿಗೆ ಒಂದು ವ್ಯವಸ್ಥೆ ಎಂದು ಬರೆದುಬಿಡುತ್ತಾರೆ: ‘ರೋಗಿ ಓಡಾಡುತ್ತಾರೆ, ಆದ್ದರಿಂದ ಹೇಳಿಕೊಡುವ ವ್ಯವಸ್ಥೆ’. ವ್ಯವಸ್ಥೆಯನ್ನು ಒಂದೊಂದು ಕೆಲಸಕ್ಕೂ ಬೇರೆ ಬೇರೆಯಾಗಿ ಆರಿಸಬೇಕು. ನಮ್ಮ ಅಜ್ಜಿಗೆ ಇನ್ಸುಲಿನ್ ಅರ್ಧ-ಅರ್ಧ: ಎಳೆದು ಕೊಡುವುದು ಸೊಸೆ, ಚುಚ್ಚಿಕೊಳ್ಳುವುದು ಅಜ್ಜಿ. ಪಾದ ನೋಡುವುದು ಪೂರ್ತಿ ಬೇರೆಯವರದು, ಏಕೆಂದರೆ ಪೊರೆ ಬಂದ ಕಣ್ಣಿಗೆ ಬೆರಳ ಸಂದಿಯ ಬಿರುಕು ಕಾಣುವುದಿಲ್ಲ, ಜೋಮು ಹಿಡಿದ ಅಂಗಾಲಿಗೆ ಅದು ತಿಳಿಯುವುದೂ ಇಲ್ಲ. ಊಟದ ವಿಷಯದಲ್ಲಿ ಮಾತ್ರ ಹೇಳಿಕೊಟ್ಟರೆ ಸಾಕು. ಬಡಿಸುವ ಸೌಟು ಅವರ ಕೈಯಲ್ಲೇ ಇದೆ.

ಪಾದದ ಸ್ಪರ್ಶ ಪರೀಕ್ಷೆಗೆ 10 ಗ್ರಾಂ ಮೊನೊಫಿಲಮೆಂಟ್ (ಚರ್ಮಕ್ಕೆ ಒತ್ತಿ ನೋಡುವ ನೈಲಾನ್ ಎಳೆ) ಇಲ್ಲದ ಕಡೆ ಆಶಾ ಕಾರ್ಯಕರ್ತೆಯೂ ಮಾಡಬಹುದಾದ ವಿಧಾನವೊಂದಿದೆ. ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟುವುದು. ಒತ್ತಬಾರದು, ತಿಕ್ಕಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ನರ ಸೋತಿದೆ ಎಂದು ಹಿಡಿದು ಮುಂದಿನ ತಪಾಸಣೆಗೆ ಕಳಿಸಬೇಕು.

ಓರೆಮ್ ಸಿದ್ಧಾಂತದ ಮಿತಿಯೂ ನಮ್ಮ ಊರಿನಲ್ಲಿ ಬೇಗ ಕಾಣುತ್ತದೆ. ತನ್ನ ಕೆಲಸ ತಾನೇ ಮಾಡಿಕೊಳ್ಳುವುದೇ ಗುರಿ ಎಂಬ ಧಾಟಿ ಅದರಲ್ಲಿದೆ. ಕೂಡಿ ಬಾಳುವ ಮನೆಯಲ್ಲಿ ಸೊಸೆ ಇಂಜೆಕ್ಷನ್ ಎಳೆದುಕೊಡುವುದು ಯಾರಿಗೂ ಕೊರತೆಯಾಗಿ ತೋರುವುದಿಲ್ಲ, ತೋರಬೇಕಾಗಿಯೂ ಇಲ್ಲ. ಬೇರೆಯವರನ್ನು ನೋಡಿಕೊಳ್ಳುವವರ ಸಾಮರ್ಥ್ಯವನ್ನೂ ಓರೆಮ್ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಆ ಭಾಗವನ್ನು ಇಲ್ಲಿ ಮುಂದಕ್ಕೆ ತರಬೇಕು. ಅಡಿಕೆ ಕೊಯ್ಲು ಶುರುವಾದರೆ ಸೊಸೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರುತ್ತಾರೆ, ರಾತ್ರಿ ಹತ್ತಾದರೂ ಏಳುವುದಿಲ್ಲ. ಆಗ ರಾತ್ರಿಯ 10 ಯೂನಿಟ್ ಯಾರ ಹೊಣೆ? ಕೇರ್ ಪ್ಲಾನಿನಲ್ಲಿ ಎರಡನೆಯ ಹೆಸರು ಇರಲೇಬೇಕು.

ಮೊದಲ ಭೇಟಿಗೆ ಓರೆಮ್ ಮುಕ್ಕಾಲು ಗಂಟೆಯಾದರೂ ಬೇಡುತ್ತದೆ. ಜನ ತುಂಬಿದ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್ಕಿನ ದಿನ ಅದು ಆಗದ ಮಾತು. ವಾರ್ಡಿನಲ್ಲಿ ಡಿಸ್ಚಾರ್ಜಿಗೆ ಮೊದಲು, ಇಲ್ಲವೇ ಮನೆ ಭೇಟಿಯಲ್ಲಿ ಮಾಡಬೇಕು. ಹೊಸದಾಗಿ ಇನ್ಸುಲಿನ್ ಶುರುವಾದವರಿಗೆ, ಕಣ್ಣು ಕೈ ಸೋತವರಿಗೆ, ಒಂಟಿ ವಯಸ್ಸಾದವರಿಗೆ ಬೇರೆ ಯಾವುದನ್ನೂ ಯೋಚಿಸದೆ ಇದನ್ನೇ ಹಿಡಿಯಿರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರೀಗಲ್: ಏರುಪೇರಾದ ಹೊತ್ತಿಗೆ

ಬಾರ್ಬರಾ ರೀಗಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ದೀರ್ಘಕಾಲದ ಕಾಯಿಲೆಗಳ ಸ್ವ-ಆರೈಕೆ ಸಿದ್ಧಾಂತ ನಮ್ಮ ಪಠ್ಯಗಳಲ್ಲಿ ಓರೆಮ್‌ನಷ್ಟು ಬಳಕೆಗೆ ಬಂದಿಲ್ಲ. ಶುಗರ್ ಮಟ್ಟಿಗೆ ಅದು ಬಲು ಉಪಯುಕ್ತ. ಸ್ವ-ಆರೈಕೆಯನ್ನು ಅದು ಮೂರಾಗಿ ಬಿಡಿಸುತ್ತದೆ: ಪಾಲನೆ, ನಿಗಾ, ನಿಭಾವಣೆ. ಮಾತ್ರೆ ನುಂಗುವುದು, ನಡೆಯುವುದು ಪಾಲನೆ. ಶುಗರ್ ನೋಡಿಕೊಳ್ಳುವುದು, ಮೈಯ ಬದಲಾವಣೆ ಗಮನಿಸುವುದು ನಿಗಾ. ಕಂಡ ಬದಲಾವಣೆಗೆ ತಕ್ಕದ್ದನ್ನು ಮಾಡುವುದು ನಿಭಾವಣೆ.

ಮೂರರಲ್ಲಿ ಕೊಂಡಿ ಕಳಚುವುದು ಸಾಮಾನ್ಯವಾಗಿ ನಿಗಾದಿಂದ ನಿಭಾವಣೆಗೆ ದಾಟುವಲ್ಲಿ. ಪುಸ್ತಕದ ತುಂಬ ಗ್ಲುಕೋಮೀಟರ್ ಓದಿಕೆ ಬರೆದಿಟ್ಟಿರುತ್ತಾರೆ, 62ಕ್ಕೆ ಇಳಿದ ದಿನ ಏನು ಮಾಡಿದಿರಿ ಎಂದರೆ ‘ಮಲ್ಕೊಂಡೆ’ ಎನ್ನುತ್ತಾರೆ. ಅಂಕಿ ಬರೆಯುವುದನ್ನು ಕಲಿಸಿದ್ದೇವೆ, ಅಂಕಿಗೆ ಉತ್ತರ ಕೊಡುವುದನ್ನು ಕಲಿಸಿಲ್ಲ.

ನಿಗಾ ಮೊದಲು ಸರಿ ಇರಬೇಕು. ಮಲೆನಾಡಿನ ಮಳೆಗಾಲ ಗ್ಲುಕೋಮೀಟರ್ ಪಟ್ಟಿಗಳ ಶತ್ರು. ಪಟ್ಟಿಯ ಡಬ್ಬಿಯೊಳಗೆ ತೇವ ಹೀರುವ ಪದರವಿರುತ್ತದೆ, ಮುಚ್ಚಳ ಟಪ್ಪೆಂದು ಕೂತರೆ ಮಾತ್ರ ಅದು ಕೆಲಸ ಮಾಡುವುದು. ಜುಲೈ ತಿಂಗಳಲ್ಲಿ ಡಬ್ಬಿ ತೆರೆದಿಟ್ಟುಕೊಂಡೇ ಬೆರಳು ಚುಚ್ಚಿ, ರಕ್ತ ಬರಿಸಿ, ಆಮೇಲೆ ಮುಚ್ಚುವ ಅಭ್ಯಾಸವಿದ್ದರೆ ಉಳಿದ ಪಟ್ಟಿಗಳು ಕೆಡುತ್ತವೆ. ಮೀಟರ್ ಎರರ್ ತೋರಿಸುತ್ತದೆ, ಇಲ್ಲವೇ ತಪ್ಪು ಅಂಕಿ ಕೊಡುತ್ತದೆ. ಪಟ್ಟಿಗಳನ್ನು ಬಿಡಿಯಾಗಿ ಕವರಿನಲ್ಲಿ ಸುತ್ತಿ ಹಂಚಿಕೊಳ್ಳುವುದಂತೂ ಕೂಡದು. ಡಬ್ಬಿ ತೆರೆದ ತಾರೀಖನ್ನು ಅದರ ಮೇಲೇ ಬರೆದಿಡಿ. ಹಲಸಿನ ತೊಳೆ ಬಿಡಿಸಿದ ಕೈಯಲ್ಲಿ ಚುಚ್ಚಿದರೆ ಬೆರಳಿಗಂಟಿದ ಸಿಹಿಯೇ ಅಂಕಿ ಏರಿಸುತ್ತದೆ. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಬೆರಳ ತುದಿಯ ನಡುವೆ ಬಿಟ್ಟು ಪಕ್ಕಕ್ಕೆ ಚುಚ್ಚಬೇಕು.

ನಿಭಾವಣೆಗೆ ಬಂದರೆ, 70ಕ್ಕಿಂತ ಇಳಿದಾಗ, ಅಥವಾ ನೋಡಲು ಮೀಟರ್ ಇಲ್ಲದಿದ್ದರೂ ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು ಬಂದಾಗ, ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಯುವುದು. ಜೋನಿಬೆಲ್ಲ ಇರುವ ಮನೆಯಲ್ಲಿ ಒಂದು ದೊಡ್ಡ ಚಮಚ ಸಾಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ 70ರ ಒಳಗಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಊಟದ ಹೊತ್ತು ದೂರವಿದ್ದರೆ ಏನಾದರೂ ತಿನ್ನಬೇಕು. ಹೋಳಿಗೆ, ಚಾಕೊಲೇಟು ಕೊಡುವುದು ತಪ್ಪು. ಅದರಲ್ಲಿರುವ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಅಡಿಕೆ ಮರ ಹತ್ತುವ ಕೊನೆಗೌಡರಲ್ಲಿ ಶುಗರ್ ಇರುವವರಿಗೆ ಈ ಸಿದ್ಧಾಂತವೇ ಸರಿ. ನೆಲದಲ್ಲಿ ನಿಂತು ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಕೊಯ್ಯುವವರಿಗಿಂತ ಮರದ ಮೇಲಿರುವವರಿಗೆ ಶುಗರ್ ಇಳಿಯುವುದು ಅಪಾಯ. ಗ್ಲಿಮೆಪಿರೈಡ್ (ಇನ್ಸುಲಿನ್ ಹೆಚ್ಚು ಒಸರುವಂತೆ ಮಾಡುವ ಶುಗರ್ ಮಾತ್ರೆ) ಅಥವಾ ಇನ್ಸುಲಿನ್ ತೆಗೆದುಕೊಂಡು, ಬೆಳಗಿನ ತಿಂಡಿ ಮುಂದಕ್ಕೆ ಹಾಕಿ ಮರ ಹತ್ತಿದರೆ ಹತ್ತು ಗಂಟೆಯ ಹೊತ್ತಿಗೆ ಕೈ ನಡುಗುತ್ತದೆ. ಹತ್ತುವ ಮೊದಲು ನೋಡುವುದು, 100ಕ್ಕಿಂತ ಕಡಿಮೆ ಇದ್ದರೆ ತಿಂದ ಮೇಲೆ ಹತ್ತುವುದು, ಸೊಂಟದ ಚೀಲದಲ್ಲಿ ಗ್ಲುಕೋಸ್ ಪುಡಿ, ಜೊತೆಗಾರರಿಗೆ ವಿಷಯ ತಿಳಿದಿರುವುದು: ಈ ನಾಲ್ಕನ್ನೂ ಬಾಯಿಪಾಠ ಮಾಡಿಸಬೇಕು. ಪದೇ ಪದೇ ಇಳಿಯುತ್ತಿದ್ದರೆ ಮರದ ಕೆಲಸ ನಿಲ್ಲಿಸಿ ವೈದ್ಯರು ಮಾತ್ರೆ ಬದಲಿಸುವ ತನಕ ಕೆಳಗಿನ ಕೆಲಸ.

ಜ್ವರದ ದಿನಗಳ ಪಾಠವೂ ಇಲ್ಲಿಯೇ ಸೇರುತ್ತದೆ. ಚಳಿಗಾಲದಿಂದ ಬೇಸಿಗೆಯ ತನಕ ಕಾಡಂಚಿನ ಊರುಗಳಿಗೆ ಮಂಗನ ಕಾಯಿಲೆಯ ಭಯ. ಮಳೆಗಾಲದಲ್ಲಿ ಬೇರೆ ಜ್ವರ. ‘ಊಟ ಸೇರ್ತಿಲ್ಲ’ ಎಂದು ಇನ್ಸುಲಿನ್ನನ್ನೇ ಬಿಡುತ್ತಾರೆ. ಜ್ವರದಲ್ಲಿ ಶುಗರ್ ಏರುತ್ತದೆಯೇ ಹೊರತು ಇಳಿಯುವುದು ಕಡಿಮೆ. ನಾಲ್ಕು ಗಂಟೆಗೊಮ್ಮೆ ನೋಡಬೇಕು, ನೀರು-ಗಂಜಿ ಕುಡಿಯುತ್ತಿರಬೇಕು. ವಾಂತಿ-ಭೇದಿ ಹತ್ತಿದರೆ ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್ ಗುಂಪಿನ (ಮೂತ್ರದಲ್ಲಿ ಸಕ್ಕರೆ ಹೊರಹಾಕುವ) ಮಾತ್ರೆಯನ್ನು ನಿಲ್ಲಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಬೇಕು.

ಈ ಸಿದ್ಧಾಂತ ಯಾರಿಗೆ ಬೇಡ? ಮೀಟರ್ ಇಲ್ಲದವರಿಗೆ, ಪಟ್ಟಿ ಕೊಳ್ಳಲಾಗದವರಿಗೆ, ಮರೆವು ಹೆಚ್ಚಿದವರಿಗೆ ಇದು ಹೊರೆ. ಅಂಥವರಿಗೆ ಮತ್ತೆ ಓರೆಮ್ ಕಡೆ ಬರಬೇಕು.

ಲೈನಿಂಗರ್: ಅಡುಗೆಮನೆ, ದೇವರಮನೆ, ಬಚ್ಚಲುಮನೆ

ಮೆಡಲೀನ್ ಲೈನಿಂಗರ್ ನರ್ಸಿಂಗಿಗೆ ಮಾನವಶಾಸ್ತ್ರವನ್ನು ತಂದವರು. ಅವರು ಹೇಳುವ ಮೂರು ದಾರಿ: ಉಳಿಸಿಕೊಳ್ಳುವುದು, ಹೊಂದಿಸಿಕೊಳ್ಳುವುದು, ಬದಲಿಸುವುದು. ಮನೆಯ ಪ್ರತಿಯೊಂದು ಪದ್ಧತಿಯನ್ನು ಈ ಮೂರರಲ್ಲಿ ಒಂದಕ್ಕೆ ಹಾಕುವುದೇ ಕೆಲಸ. ನಮ್ಮವರು ಎಡವುವುದು ಎಲ್ಲವನ್ನೂ ಮೂರನೆಯದಕ್ಕೆ ಹಾಕಿ. ‘ಅನ್ನ ಬಿಡಿ, ಬೆಲ್ಲ ಬಿಡಿ, ಉಪವಾಸ ಬಿಡಿ’ ಎಂಬ ಪಟ್ಟಿ ಕೇಳಿದ ಮನೆಯವರು ಮೊದಲು ಬಿಡುವುದು ನಮ್ಮ ಮಾತನ್ನು.

ಉಳಿಸಿಕೊಳ್ಳಬೇಕಾದದ್ದು ಮಲೆನಾಡಿನ ಅಡುಗೆಯಲ್ಲಿ ಬೇಕಾದಷ್ಟಿದೆ. ಒಂದೆಲಗದ ತಂಬುಳಿ, ಬಸಳೆ, ಕೆಸುವಿನ ಸೊಪ್ಪಿನ ಪಲ್ಯ, ಕಳಲೆ, ಹುರುಳಿ ಸಾರು, ಮಜ್ಜಿಗೆ. ತಟ್ಟೆಯ ಅರ್ಧವನ್ನು ಇವುಗಳಲ್ಲಿನ ಸೊಪ್ಪು-ತರಕಾರಿ ತುಂಬಿದರೆ ಹೊರಗಿನ ಡಯಟ್ ಚಾರ್ಟೇ ಬೇಡ. ಉತ್ತರದ ಕಡೆಯ ಗೋಧಿ ಚಪಾತಿಯ ಚಾರ್ಟನ್ನು ಅಕ್ಕಿ ಉಣ್ಣುವ ಮನೆಗೆ ಕೊಟ್ಟು ಕಳಿಸುವುದು ನಿಲ್ಲಬೇಕು.

ಹೊಂದಿಸಬೇಕಾದದ್ದರಲ್ಲಿ ಅನ್ನ ಮೊದಲು. ಕೆಂಪಕ್ಕಿ ಶುಗರ್ ಏರಿಸುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಅದರಲ್ಲಿ ನಾರು ಹೆಚ್ಚು ಎಂಬುದು ನಿಜ, ಆದರೆ ಬೆಂದ ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟ ಇದ್ದೇ ಇದೆ, ಅಕ್ಕಿ ಕೆಂಪಿರಲಿ ಬಿಳಿಯಿರಲಿ. ಅದನ್ನೇ ಮೆತ್ತಗೆ ಬೇಯಿಸಿ ಗಂಜಿ ಮಾಡಿದರೆ ಇನ್ನೂ ಬೇಗ ಏರುತ್ತದೆ. ‘ಅನ್ನ ಬಿಡಿ’ ಎನ್ನುವ ಬದಲು ಅಳತೆಯ ಬಟ್ಟಲೊಂದನ್ನು ಗೊತ್ತು ಮಾಡಿ, ಮೊದಲು ಪಲ್ಯ, ಕಾಳು, ಆಮೇಲೆ ಅನ್ನ ಎಂಬ ಕ್ರಮ ಹಿಡಿಸಬಹುದು. ಅಕ್ಕಿ ರೊಟ್ಟಿ, ಕಡುಬು ಕೂಡ ಇದೇ ಲೆಕ್ಕಕ್ಕೆ. ಕಷಾಯಕ್ಕೆ ಹಾಕುವ ಬೆಲ್ಲ ‘ಸಕ್ಕರೆ ಅಲ್ಲವಲ್ಲ’ ಎಂಬ ಮಾತಿಗೆ ವಾದ ಬೇಡ: ಕುಡಿಯುವ ಮೊದಲು ಒಮ್ಮೆ, ಎರಡು ಗಂಟೆ ಬಿಟ್ಟು ಒಮ್ಮೆ ಅವರ ಎದುರೇ ಮೀಟರಿನಲ್ಲಿ ತೋರಿಸಿ.

ಏಕಾದಶಿ, ಶ್ರಾವಣ ಶನಿವಾರ, ರಂಜಾನ್ ಉಪವಾಸಗಳನ್ನು ತಿಂಗಳು ಮೊದಲೇ ಕೇಳಿ ತಿಳಿದಿರಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಉಪವಾಸದಲ್ಲಿ ಶುಗರ್ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್, ಇನ್ಸುಲಿನ್ ಇರುವವರಿಗೆ ಹೆಚ್ಚು. ಹೊತ್ತು, ಪ್ರಮಾಣವನ್ನು ವೈದ್ಯರಿಂದ ಮೊದಲೇ ಬದಲಿಸಿಕೊಳ್ಳಬೇಕು. 70ರ ಒಳಗೆ ಇಳಿದರೆ ವ್ರತ ಅಲ್ಲಿಗೇ ಮುಗಿಸಬೇಕು. ಈ ಕೊನೆಯ ಮಾತನ್ನು ಮನೆಯ ಹಿರಿಯರು, ಪುರೋಹಿತರು, ಮೌಲ್ವಿಗಳ ಬಾಯಿಂದ ಹೇಳಿಸಿದರೆ ನಡೆಯುತ್ತದೆ. ಹಾಗಲಕಾಯಿ ರಸ, ಮೆಂತ್ಯ, ಮಧುನಾಶಿನಿ ತೆಗೆದುಕೊಳ್ಳುವವರನ್ನು ಬೈದರೆ ಮುಚ್ಚಿಡುತ್ತಾರೆ. ‘ತಗೊಳ್ಳಿ, ಆದರೆ ಮಾತ್ರೆ ಬಿಡಬೇಡಿ, ಎಷ್ಟು ತಗೋತೀರಿ ಅಂತ ನಮಗೆ ಹೇಳಿ’ ಎಂದರೆ ಶುಗರ್ ಏಕಾಏಕಿ ಇಳಿದಾಗ ಕಾರಣವಾದರೂ ತಿಳಿಯುತ್ತದೆ.

ಬದಲಿಸಲೇಬೇಕಾದವು ಕೆಲವೇ, ಅವುಗಳಲ್ಲಿ ರಾಜಿ ಇಲ್ಲ. ಮಳೆಯಲ್ಲಿ ನೆನೆದು ಬಂದು ಬಚ್ಚಲೊಲೆಯ ಎದುರು ಕಾಲು ಚಾಚಿ ಕಾಯಿಸಿಕೊಳ್ಳುವುದು ಇಲ್ಲಿನ ಸುಖಗಳಲ್ಲೊಂದು. ಸ್ಪರ್ಶ ಸೋತ ಪಾದಕ್ಕೆ ಸುಡುವುದು ತಿಳಿಯುವುದಿಲ್ಲ, ಬೆಳಿಗ್ಗೆ ಬೊಬ್ಬೆ ಎದ್ದಿರುತ್ತದೆ. ಒಣ ಟವೆಲಿನಲ್ಲಿ ಒರೆಸಿ, ಬೆರಳ ಸಂದಿ ಒಣಗಿಸಿ, ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದು ಅದರ ಬದಲು. ಹಂಡೆಯ ನೀರನ್ನು ಪಾದದಿಂದ ಮುಟ್ಟಿ ನೋಡುವುದೂ ಬೇಡ, ಮೊಣಕೈಯಿಂದ ನೋಡಬೇಕು, ಅಥವಾ ಮನೆಯವರು ನೋಡಬೇಕು. ತೋಟಕ್ಕೆ ಬರಿಗಾಲಲ್ಲಿ ಹೋಗುವುದು, ಇಂಬಳ ಕಚ್ಚಿದ ಗಾಯಕ್ಕೆ ಸುಣ್ಣ ಅಥವಾ ಹೊಗೆಸೊಪ್ಪು ಮೆತ್ತುವುದು, ಆಣಿಯನ್ನು ಬ್ಲೇಡಿನಲ್ಲಿ ಕೊಯ್ಯುವುದು ಇದೇ ಸಾಲಿಗೆ. ಇಂಬಳವನ್ನು ಉಗುರಿನಿಂದ ಜಾರಿಸಿ ತೆಗೆದು, ಸೋಪು ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದರೆ ಸಾಕು. ರಕ್ತ ಸ್ವಲ್ಪ ಹೆಚ್ಚು ಹೊತ್ತು ಒಸರುವುದು ಸಹಜ. ಗಮ್‌ಬೂಟಿನ ಒಳಗೆ ಕಲ್ಲು, ಅಡಿಕೆ ಚೂರು ಇದೆಯೇ ಎಂದು ಕೈ ಹಾಕಿ ನೋಡಿಯೇ ಹಾಕಿಕೊಳ್ಳಬೇಕು, ಒಳಗೆ ಕಾಲುಚೀಲ ಇರಬೇಕು.

ಇನ್ಸುಲಿನ್ ಇಡುವ ಜಾಗವೂ ಮನೆಯ ಕಟ್ಟಡಕ್ಕೆ ಸೇರಿದ್ದು. ಬಳಸುತ್ತಿರುವ ವಯಲು 25ರಿಂದ 30 ಡಿಗ್ರಿಯ ಒಳಗೆ ಸಾಮಾನ್ಯವಾಗಿ 28 ದಿನ ತಡೆಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮನೆಗಳಲ್ಲಿ ಕತ್ತಲ ಕಪಾಟು ಸಾಕು, ಕರೆಂಟು ಹೋಯಿತೆಂದು ಗಾಬರಿ ಬೇಡ. ಏಪ್ರಿಲ್-ಮೇನಲ್ಲಿ ಫ್ರಿಜ್ ಇಲ್ಲದವರು ನೀರು ತುಂಬಿದ ಮಡಕೆಯೊಳಗೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬಹುದು. ಒಲೆಯ ಮೇಲಿನ ಅಟ್ಟ, ಬಚ್ಚಲಿನ ಗೂಡು ಬೇಡವೇ ಬೇಡ. ಫ್ರಿಜ್ಜಿನಲ್ಲಿ ಫ್ರೀಜರ್ ಪೆಟ್ಟಿಗೆಗೆ ತಾಗಿಸಿಟ್ಟು ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಪೆಂಡರ್, ಕಿಂಗ್, ರಾಯ್

ಉಳಿದ ಮೂರು ಕಡಿಮೆಯವಲ್ಲ, ಬೇಕಾಗುವ ಸಂದರ್ಭ ಕಿರಿದು.

ನೋಲಾ ಪೆಂಡರ್ ಅವರ ಆರೋಗ್ಯ ವರ್ಧನೆಯ ಮಾದರಿ 1982ರದ್ದು, 1996ರಲ್ಲಿ ಪರಿಷ್ಕರಣೆಯಾಯಿತು. ಶುಗರ್ ಗಡಿಯಲ್ಲಿರುವವರಿಗೆ, ಹೊಸದಾಗಿ ಬಂದ ನಲವತ್ತರ ಆಸುಪಾಸಿನವರಿಗೆ, ಶಿವಮೊಗ್ಗ ಪೇಟೆಯಲ್ಲಿ ಕೂತು ಕೆಲಸ ಮಾಡುವವರಿಗೆ ಚೆನ್ನಾಗಿ ಹೊಂದುತ್ತದೆ. ಇದರ ವಿಶೇಷ, ಹೆದರಿಕೆಯನ್ನು ಅದು ಪ್ರೇರಣೆಯಾಗಿ ಬಳಸುವುದಿಲ್ಲ. ‘ಕಾಲು ಕತ್ತರಿಸಬೇಕಾಗುತ್ತೆ ನೋಡಿ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಲಾಭ ಏನು ಕಾಣುತ್ತದೆ, ಅಡ್ಡಿ ಏನು, ಮಾಡಬಲ್ಲೆ ಎಂಬ ಧೈರ್ಯ ಎಷ್ಟು, ಮನೆಯವರು ಏನನ್ನುತ್ತಾರೆ ಎಂದು ಕೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆ, ಹೊಸನಗರದ ಕಡೆ ವಾಕಿಂಗ್ ಎಂಬುದು ಆಗದ ಮಾತು. ಅಡ್ಡಿ ಅದು ಎಂದು ಗೊತ್ತಾದರೆ ಜಗುಲಿಯಲ್ಲಿ ಊಟವಾದ ಮೇಲೆ ಹತ್ತು ಹತ್ತು ನಿಮಿಷದ ನಡಿಗೆ ಎಂದು ಬದಲಿಸಬಹುದು. ವಾರಕ್ಕೆ 150 ನಿಮಿಷದ ಗುರಿ ಹೀಗೂ ಮುಟ್ಟುತ್ತದೆ. ಔಷಧಿಯೇ ಕೊಳ್ಳಲಾಗದ, ಕಣ್ಣೇ ಕಾಣದ ರೋಗಿಗೆ ಪೆಂಡರ್ ಹಿಡಿದರೆ ತಪ್ಪು ರೋಗಿಯ ಮೇಲೆ ಬೀಳುತ್ತದೆ.

ಇಮೋಜಿನ್ ಕಿಂಗ್ ಅವರ ಗುರಿ ಸಾಧನೆಯ ಸಿದ್ಧಾಂತ (1981) ಹತ್ತು ನಿಮಿಷದ ಕ್ಲಿನಿಕ್ಕಿಗೆ ಹೊಂದುವಂಥದ್ದು. ನರ್ಸು ಮತ್ತು ರೋಗಿ ಇಬ್ಬರೂ ಸೇರಿ ಒಂದೇ ಒಂದು ಗುರಿ ಗೊತ್ತು ಮಾಡುವುದು, ದಾರಿಯನ್ನೂ ಒಪ್ಪಿಕೊಳ್ಳುವುದು. ‘ಶುಗರ್ ಕಡಿಮೆ ಮಾಡಬೇಕು’ ಎಂಬುದು ಗುರಿಯಲ್ಲ. ‘ಮುಂದಿನ ಭೇಟಿಯ ತನಕ ವಾರಕ್ಕೆ ಐದು ದಿನ ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದಿಲ್ಲ’ ಎಂಬುದು ಗುರಿ. ಒಪ್ಪಿಗೆ ನಿಜವೋ ಮರ್ಯಾದೆಗೋ ಎಂದು ತಿಳಿಯಲು ‘ಮನೆಗೆ ಹೋಗಿ ಏನು ಮಾಡ್ತೀರಿ ಅಂತ ನೀವೇ ಹೇಳಿ’ ಎನ್ನಿ. ಹೇಳಲಾಗದಿದ್ದರೆ ಒಪ್ಪಂದ ಆಗಿಲ್ಲ.

ಸಿಸ್ಟರ್ ಕ್ಯಾಲಿಸ್ಟಾ ರಾಯ್ ಅವರ ಹೊಂದಾಣಿಕೆಯ ಮಾದರಿಯನ್ನು ದೊಡ್ಡ ಪೆಟ್ಟು ಬಿದ್ದಾಗ ಹಿಡಿಯಿರಿ: ಬೆರಳು ತೆಗೆಸಿಕೊಂಡವರು, ಡಯಾಲಿಸಿಸ್ ಶುರುವಾದವರು, ಇನ್ನು ಮರ ಹತ್ತಬಾರದೆಂದು ಹೇಳಿಸಿಕೊಂಡ ಕೊನೆಗೌಡ. ಶರೀರ, ತನ್ನ ಬಗೆಗಿನ ಭಾವನೆ, ಪಾತ್ರ, ಪರಸ್ಪರ ಆಸರೆ ಎಂಬ ನಾಲ್ಕು ಕಡೆಯಿಂದ ಅದು ನೋಡುತ್ತದೆ. ದುಡಿಯುವ ಪಾತ್ರ ಕಳೆದುಕೊಂಡವರಿಗೆ ಸಿರಿಂಜಿನ ಪಾಠ ಕಿವಿಗೇ ಹೋಗುವುದಿಲ್ಲ. ಮೊದಲು ಆ ನಷ್ಟದ ಮಾತಾಗಬೇಕು.

ಒಂದರಿಂದ ಇನ್ನೊಂದಕ್ಕೆ

ಒಂದು ಕೇರ್ ಪ್ಲಾನಿಗೆ ಆರನ್ನೂ ತುರುಕುವುದು ವಿದ್ಯಾರ್ಥಿಗಳಲ್ಲಿ ಕಾಣುವ ಚಾಳಿ. ಒಂದನ್ನು ಮುಖ್ಯವಾಗಿ ಹಿಡಿದು, ಆರು ವಾರ ಬಿಟ್ಟು ನೋಡಿ, ಅಡ್ಡಿ ಬೇರೆಯದು ಎಂದು ಕಂಡರೆ ಬದಲಿಸಿ. ನಮ್ಮ ಅಜ್ಜಿಗೆ ಮೊದಲು ಓರೆಮ್, ಸಿರಿಂಜು ಸರಿಹೋಗಿ ಸೊಸೆಯ ಕೈ ಕುದುರುವ ತನಕ. ಶುಗರ್ ಇಳಿಯಲು ಶುರುವಾದ ಮೇಲೆ ಅತಿಯಾಗಿ ಇಳಿಯುವ ಸಂಭವ ಬರುತ್ತದೆ, ಆಗ ಅಜ್ಜಿಗೂ ಸೊಸೆಗೂ ರೀಗಲ್. ಪಾದದ ವಿಷಯದಲ್ಲಿ ಮೊದಲ ದಿನದಿಂದಲೇ ಲೈನಿಂಗರ್ ಜೊತೆಗಿರಲಿ, ಬಚ್ಚಲೊಲೆ ಆರು ವಾರ ಕಾಯುವುದಿಲ್ಲ.

ಆಯ್ಕೆ ಸರಿಯಾಯಿತೇ ಎಂದು ಅಳೆಯಲು ಎಚ್‌ಬಿಎ1ಸಿ ಒಂದೇ ಸಾಲದು. ಅದು ಎರಡು-ಮೂರು ತಿಂಗಳ ಸರಾಸರಿ, ತಡವಾಗಿ ಬದಲಾಗುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಇರುವುದಕ್ಕಿಂತ ಹೆಚ್ಚು ತೋರಿಸಲೂಬಹುದು. ‘ಕಳೆದ ಏಳು ದಿನದಲ್ಲಿ ಎಷ್ಟು ದಿನ ಪಾದ ನೋಡಿಸಿಕೊಂಡಿರಿ? ಎಷ್ಟು ದಿನ ಎರಡೂ ಹೊತ್ತು ಇಂಜೆಕ್ಷನ್ ಆಯಿತು?’ ಎಂದು ಕೇಳಿ 0ರಿಂದ 7ರ ಅಂಕಿ ಬರೆಯಿರಿ. ಸರಿಯಾಗಿ ಹಿಡಿದ ಸಿದ್ಧಾಂತದಲ್ಲಿ ಮೊದಲು ಈ ಅಂಕಿ ಏರುತ್ತದೆ, ಎಚ್‌ಬಿಎ1ಸಿ ಆಮೇಲೆ ಇಳಿಯುತ್ತದೆ. ಈ ಅಂಕಿ ಏರಿಯೂ ಶುಗರ್ ಇಳಿಯದಿದ್ದರೆ ಕೊರತೆ ಆರೈಕೆಯಲ್ಲಿಲ್ಲ, ಔಷಧಿಯ ಪ್ರಮಾಣದಲ್ಲಿದೆ. ವೈದ್ಯರಿಗೆ ಹಾಗೆಂದೇ ಬರೆದು ಕಳಿಸಿ.

ಸಿದ್ಧಾಂತದ ಮಾತು ಬದಿಗಿಟ್ಟು ಅಂದೇ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕಳಿಸಬೇಕಾದವರೂ ಇದ್ದಾರೆ: ಪಾದದ ಗಾಯ ಕಪ್ಪಾಗುತ್ತಿರುವವರು, ಕೀವು ವಾಸನೆಯ ಜೊತೆ ಜ್ವರ ಇರುವವರು, ಶುಗರ್ 300 ದಾಟಿ ವಾಂತಿ ಅಥವಾ ಏದುಸಿರು ಇರುವವರು, ಗ್ಲಿಮೆಪಿರೈಡ್ ತೆಗೆದುಕೊಂಡು ಎಚ್ಚರ ತಪ್ಪಿದ್ದ ವಯಸ್ಸಾದವರು. ಈ ಕೊನೆಯವರು ಚೇತರಿಸಿಕೊಂಡರೂ ಮನೆಗೆ ಕಳಿಸಬಾರದು, ಮಾತ್ರೆಯ ಪ್ರಭಾವ ಒಂದು ದಿನದ ತನಕ ಇದ್ದು ಶುಗರ್ ಮತ್ತೆ ಇಳಿಯಬಹುದು. ಕಳಿಸುವಾಗ ಬಳಸುತ್ತಿರುವ ವಯಲು, ಸಿರಿಂಜು, ಮಾತ್ರೆಯ ಪಟ್ಟಿ, ಶುಗರ್ ಬರೆದ ಪುಸ್ತಕವನ್ನು ಒಂದೇ ಚೀಲಕ್ಕೆ ಹಾಕಿ ಜೊತೆಗೆ ಬರುವವರ ಕೈಗೆ ಕೊಡಿ.